ಜಾಲಿಮರದ ಮೇಲಿನ ನೀರು

ನಾನು ಹುಟ್ಟಿ ಬೆಳೆದದ್ದು ಧರ್ಮಪುರದ ಕಡೆ. ಅಲ್ಲಿ ನೀರು ಎಂದರೆ ಬಾವಿಗೆ ಬಗ್ಗಿ ನೋಡಿದಾಗ ತಳದಲ್ಲಿ ಮಿನುಗುವಷ್ಟು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಹೊಸದುರ್ಗದ ಕಡೆಯ ಹಳ್ಳಿಗೆ ಬಂದೆ. ಮನೆಯ ಹಿಂದಿನ ಹೊಲ ಇಳಿದರೆ ವೇದಾವತಿ. ಮಳೆ ಚೆನ್ನಾಗಿ ಹಿಡಿದ ವರ್ಷ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಹೊಳೆಯನ್ನು ಉಬ್ಬಿಸಿಕೊಂಡು ಹೊಲದ ಅಂಚಿನವರೆಗೂ ಬರುತ್ತಿತ್ತು. ಬೇಸಿಗೆಯಲ್ಲಿ ಕುರಿಗಳು ನೆರಳಿಗೆ ಮಲಗುತ್ತಿದ್ದ ಜಾಲಿಮರಗಳು ಆಗ ನೆತ್ತಿಯವರೆಗೂ ಮುಳುಗುತ್ತಿದ್ದವು.

ನನ್ನ ಗಂಡ ಮತ್ತು ಮೈದುನ ಹೊಲದ ಕೆಲಸ ಮುಗಿಸಿ ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು ಬರುತ್ತಿದ್ದರು. ಬೆಳಗ್ಗೆ ಹೋಗಿ ಎತ್ತುತ್ತಿದ್ದರು. ಬಿದಿರಿನ ದೊಡ್ಡ ಬುಟ್ಟಿಗೆ ಡಾಂಬರು ಬಳಿದ ಗೋಣಿತಾಟು ಹೊದಿಸಿದ ದುಂಡನೆಯ ತೆಪ್ಪ ಅದು. ಅವರು ತಿರುಗಿ ಬರುವ ತನಕ ನಾನು ಮನೆಗೂ ಹೊಲದಂಚಿಗೂ ಓಡಾಡುತ್ತಿದ್ದೆ.

ಒಂದು ಬೆಳಗ್ಗೆ ಮೈದುನ ಚಳಿಜ್ವರದಿಂದ ಏಳಲೇ ಇಲ್ಲ.

"ಬಿಸಿಲೇರಿದ್ರೆ ಬಲೆಗೆ ಬಿದ್ದ ಮೀನು ಕೆಡ್ತವೆ. ಒಬ್ಬನ ಕೈಲಿ ಆಗಲ್ಲ," ಎಂದು ಇವರು ನನ್ನ ಕಡೆ ನೋಡಿದರು. "ಇವಳು ಬರ್ಲಿ. ಹುಟ್ಟು ಹಿಡ್ಕಂಡು ಕುಂತಿದ್ರೆ ಸಾಕು."

ಅತ್ತೆ ನನ್ನ ಹಾಲುಗೂಸನ್ನು ಸೊಂಟಕ್ಕೆ ಏರಿಸಿಕೊಂಡರು. "ಗಾಳಿ ಐತೆ. ಈಜು ಬರ್ದಾಕಿನ ಕರ್ಕಂಡು ಹೋಗ್ತೀಯೇನಪ್ಪ?"

"ಈಗ ಹೋಗಿ ಈಗ ಬರ್ತೀವಿ ಬಿಡು."

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಮನೆಯಲ್ಲಿ ಕೂತು ಒದ್ದಾಡುವುದಕ್ಕಿಂತ ಜೊತೆಗಿರುವುದೇ ಮೇಲು ಅನ್ನಿಸಿತು. ತೆಪ್ಪಕ್ಕೆ ಕಾಲಿಟ್ಟ ಕೂಡಲೆ ತಳ ಬಳುಕಿತು. ನಾನು ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತೆ.

ಬಲೆಯ ಹತ್ತಿರ ಹೋಗುವವರೆಗೆ ಏನೂ ಆಗಲಿಲ್ಲ. ಇವರು ಹುಟ್ಟನ್ನು ನನ್ನ ಕೈಗೆ ಕೊಟ್ಟು ಬಲೆ ಎಳೆಯತೊಡಗಿದರು. ನಾಲ್ಕಾರು ಗೆಂಡೆ ಮೀನು ತೆಪ್ಪದೊಳಗೆ ಬಿದ್ದು ನನ್ನ ಕಾಲ ಬಳಿ ಬಡಿದಾಡಿದವು. ಆಮೇಲೆ ಬಲೆ ಬರಲಿಲ್ಲ. ಅಡಿಯಲ್ಲಿ ಜಾಲಿಕೊಂಬೆಗೆ ಸಿಕ್ಕಿಕೊಂಡಿತ್ತು. ಇವರು ಎದ್ದು ನಿಂತು ಜಗ್ಗಿದರು. ಕೂತುಕೊಳ್ಳಿ ಎಂದು ನಾನು ಹೇಳುವಷ್ಟರಲ್ಲಿ ಕೆಳಗೆ ಕೊಂಬೆ ಮುರಿಯಿತು. ಇವರು ಹಿಂದಕ್ಕೆ ವಾಲಿ ನೀರಿಗೆ ಬಿದ್ದರು. ಬಲೆಯೂ ಜೊತೆಗೇ ಹೋಯಿತು.

ಇವರ ತಲೆ ನೀರಿನ ಮೇಲೆ ಬಂತು. "ಬಲೆ ಕಾಲಿಗೆ ಸುತ್ಕಂಡೈತೆ," ಎಂದರು.

ಅಷ್ಟರಲ್ಲಿ ಗಾಳಿ ತೆಪ್ಪವನ್ನು ದೂರಕ್ಕೆ ತಳ್ಳಿತ್ತು. ನಾನು ಹುಟ್ಟು ಹಾಕಿದೆ. ತೆಪ್ಪ ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ಸುತ್ತಿತು. ದಡ, ಗುಡ್ಡ, ಇವರ ತಲೆ, ಮತ್ತೆ ದಡ.

"ಮಗ್ಗುಲಲ್ಲಿ ಹಾಕಬ್ಯಾಡ. ಮುಂದೆ ಹಾಕಿ ನಿನ್ ಕಡೆ ಎಳ್ಕ."

ಮಂಡಿಯೂರಿ ಹಾಗೇ ಎಳೆದೆ. ತೆಪ್ಪ ಅಷ್ಟಷ್ಟೇ ಮುಂದೆ ಸರಿಯಿತು. ಹತ್ತಿರವಾದಾಗ ಇವರು ಅಂಚಿಗೆ ಕೈ ಹಾಕಿದರು. ಆ ಕಡೆ ಪೂರ್ತಿ ತಗ್ಗಿ ಒಳಕ್ಕೆ ನೀರು ನುಗ್ಗಿತು. ನಾನು ಜಾರಿ ಅವರ ಮೇಲೇ ಹೋಗುತ್ತಿದ್ದೆ. ಆಗ ಅವರು ತಾವಾಗಿಯೇ ಕೈ ಬಿಟ್ಟರು. ಬಿಟ್ಟು ಮುಳುಗಿದರು. ಆ ಕೈ ಬಿಟ್ಟದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಮತ್ತೆ ತಲೆ ಕಂಡಾಗ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಅದರ ತುದಿಯನ್ನು ಇವರ ಕಡೆ ಎಸೆದೆ. ಇವರು ಅದನ್ನು ಮುಂಗೈಗೆ ಸುತ್ತಿಕೊಂಡರು. "ನೀನು ಆಕಡೆ ಅಂಚಿಗೆ ಒರಗಿ ಕುಂತ್ಕ. ನಾ ಕೆಳಕ್ಕೋಗಿ ಬಿಡಿಸ್ಕಂತೀನಿ. ಸೆರಗು ಬಿಡಬ್ಯಾಡ."

ಕೆಳಗೆ ಹೋದರು. ಸೀರೆ ಬಿಗಿಯಾಯಿತು, ಜಗ್ಗಿತು. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಹೋದರು. ಈ ಸಲ ಸೀರೆ ಇದ್ದಕ್ಕಿದ್ದಂತೆ ಸಡಿಲವಾಯಿತು. ನೀರಿನ ಮೇಲೆ ಬಟ್ಟೆ ಸುಮ್ಮನೆ ತೇಲಿತು. ಎಳೆದುಕೊಳ್ಳಲು ಭಯ. ತುದಿಯಲ್ಲಿ ಯಾರೂ ಇಲ್ಲದಿದ್ದರೆ?

ತೆಪ್ಪದ ಪಕ್ಕದಲ್ಲೇ ಕೆಮ್ಮುವ ಸದ್ದು. ಕಾಲು ಬಿಡಿಸಿಕೊಂಡಿದ್ದರು.

ಇವರು ಮೇಲೆ ಹತ್ತಲು ಹೋದರೆ ತೆಪ್ಪ ಮಗುಚೀತೆಂದು ಇಬ್ಬರಿಗೂ ಭಯ. ಇವರು ಸೆರಗು ಹಿಡಿದು ಕಾಲು ಬಡಿಯುತ್ತಾ ಬಂದರು, ನಾನು ಹುಟ್ಟು ಹಾಕಿದೆ, ಮಿಕ್ಕದ್ದನ್ನು ಗಾಳಿ ಮಾಡಿತು. ತಲುಪಿದ್ದು ಮಾತ್ರ ಆಚೆ ದಡ. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ನೀರಿಗಿಳಿದು ತೆಪ್ಪ ಎಳೆದರು, ನಡುಗುತ್ತಿದ್ದ ಇವರಿಗೆ ತಮ್ಮ ಕಂಬಳಿ ಹೊದಿಸಿದರು.

"ಕುಂತ್ಕಳ್ರಿ. ಗಾಳಿ ನಿಲ್ಲಾಗಂಟ ನೀರಿಗೆ ಇಳಿಬ್ಯಾಡ್ರಿ," ಎಂದರು.

ನನಗೆ ಕೂರಲಾಗಲಿಲ್ಲ. ಊರ ಕಡೆಯ ದಡದಿಂದ ಅತ್ತೆ ನೋಡುತ್ತಿದ್ದರೆ ತೆಪ್ಪ ಕಾಣದೆ ಏನೆಂದುಕೊಂಡಾರು? ಮಗು ಹಸಿದಿರುತ್ತದೆ. ತೆಪ್ಪವನ್ನು ಅಲ್ಲೇ ಬಿಟ್ಟು ನಡೆದೆವು. ಹೊಳೆ ಕಿರಿದಾಗುವ ಕಡೆ ಸೇತುವೆ ದಾಟಿ, ಕೆಸರು ತುಳಿದು ಊರು ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ನಾನು ನೆಲ ನೋಡಿಕೊಂಡು ಓಡುನಡಿಗೆಯಲ್ಲೇ ಬಂದೆ.

ಅತ್ತೆ ನೀರಿನಂಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಸುತ್ತ ಊರಿನ ಜನ. ನಮ್ಮನ್ನು ಕಂಡು ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಮಗುವನ್ನು ನನ್ನ ಕೈಗಿಟ್ಟು, "ಮೊದ್ಲು ಹಾಲು ಕೊಡು," ಎಂದರು. ರಾತ್ರಿ ಊಟಕ್ಕೆ ಬಡಿಸುವಾಗ ಮಗನಿಗೆ ಒಂದೇ ಮಾತು ಹೇಳಿದರು: "ಇನ್ಮ್ಯಾಲೆ ನೀವಿಬ್ರೂ ಒಂದು ತೆಪ್ಪದಾಗೆ ಕುಂದ್ರಬ್ಯಾಡ್ರಿ. ಕೂಸಿಗೆ ಒಬ್ರಾದ್ರೂ ಇರ್ಲಿ."

ಆಮೇಲೆ ತೆಪ್ಪದಲ್ಲಿ ಎದ್ದು ನಿಂತು ಬಲೆ ಜಗ್ಗುವುದನ್ನು ಇವರು ಬಿಟ್ಟರು. ಬಲೆ ಸುತ್ತಿಕೊಂಡರೆ ಕೊಯ್ಯಲೆಂದು ತೆಪ್ಪದ ಬಿದಿರಿನ ಸಂದಿಯಲ್ಲಿ ಒಂದು ಕುಡುಗೋಲು ಸಿಕ್ಕಿಸಿಟ್ಟರು.

ನಾನು ಹಟ ಹಿಡಿದು ಬೇಸಿಗೆಯಲ್ಲಿ ಹೊಲದ ಬಾವಿಯಲ್ಲಿ ಈಜು ಕಲಿತೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಸೀರೆಗೆ ಕಚ್ಚೆ ಹಾಕಿಕೊಂಡು ಇಳಿಯುತ್ತಿದ್ದೆ. ಗಂಡಸರು ಯಾರೂ ಬರದಂತೆ ಅತ್ತೆ ಮೆಟ್ಟಿಲ ಮೇಲೆ ಕಾವಲು ಕೂರುತ್ತಿದ್ದರು. ಮೊದಮೊದಲು ಕಾಲ ಕೆಳಗೆ ನೆಲ ಸಿಗದಾಗಲೆಲ್ಲ ಉಸಿರು ಕಟ್ಟಿ ಗೋಡೆಗೆ ಅಂಟಿಕೊಳ್ಳುತ್ತಿದ್ದೆ. ಬುರುಡೆಯಿಲ್ಲದೆ ಆಚೆ ಗೋಡೆ ಮುಟ್ಟಿ ಬಂದ ದಿನ ಅತ್ತೆ ಮೆಟ್ಟಿಲಿಳಿದು ನೀರಿನಂಚಿಗೆ ಬಂದರು. ಹೊಳೆದಂಡೆಯಲ್ಲೇ ಹುಟ್ಟಿ ಬೆಳೆದವರು ಅವರು. ಒಮ್ಮೆಯೂ ಮೊಣಕಾಲು ಮೀರಿ ನೀರಿಗೆ ಇಳಿದವರಲ್ಲ.

"ಆ ಬುರುಡೆ ಇತ್ತ ತಾ," ಎಂದರು. "ನಂಗೂ ಕಟ್ಟು."