ನಾಲ್ಕು ಬೆರಳಿನ ಗುಳಿ

ನಮ್ಮ ಭಾವನನ್ನು ಊಟಕ್ಕೆ ಕರೆಯುವವರು ಮೊದಲು ನನ್ನನ್ನೊಮ್ಮೆ ವಿಚಾರಿಸುವುದು ಕ್ಷೇಮ. ಹಿಂದೊಮ್ಮೆ ಬೀಗರ ಮನೆಯಲ್ಲಿ ಹಳೆಯ ಪಿಂಗಾಣಿ ತಟ್ಟೆಯಲ್ಲಿ ಬಡಿಸಿದರು. ಬುಡದಲ್ಲಿ ಯಾವ ಕಾರ್ಖಾನೆಯ ಮುದ್ರೆಯಿದೆ ಎಂದು ತಿಳಿಯದೆ ಭಾವನಿಗೆ ತುತ್ತು ಇಳಿಯುವುದುಂಟೇ? ಬಡಿಸಿದ್ದೆಲ್ಲದರ ಸಮೇತ ತಟ್ಟೆಯನ್ನು ತಿರುವಿ ಹಾಕಿದರು. "ಅಸಲಿ" ಎಂದು ಘೋಷಿಸಿದಾಗ ಅವರ ಮುಖದಲ್ಲಿ ಕೋಟೆ ಗೆದ್ದವನ ಕಳೆಯಿತ್ತು, ಮಡಿಲಲ್ಲಿ ಊಟವಿತ್ತು. ಅಂದಿನಿಂದ ಬಂಧುಬಳಗಕ್ಕೆಲ್ಲ ಅವರು ಬುಡದ ಭಾವ.

ಹೊಟ್ಟೆಪಾಡಿಗೆ ಅವರದು ಕನ್ನಡಕದ ಅಂಗಡಿ. ಊರವರ ದೃಷ್ಟಿ ತಿದ್ದುವುದು ಕೆಳಗಿನ ಅಂಗಡಿಯಲ್ಲಿ. ಸ್ವಂತ ದೃಷ್ಟಿಯನ್ನು ಧಾರೆ ಎರೆಯುವುದು ಮಹಡಿಯ ಮನೆಯಲ್ಲಿ. ಅಲ್ಲಿ ನಡುಮನೆಯ ತುಂಬ ಅವರು ಕೂಡಿಹಾಕಿದ ಹಳೆಯ ಸಾಮಾನು: ಮುಳ್ಳಿಲ್ಲದ ಗಡಿಯಾರ, ಬತ್ತಿಯಿಲ್ಲದ ದೀಪ, ಮುಚ್ಚಳ ಕಳೆದುಕೊಂಡ ವಿಧವೆ ಡಬ್ಬಿಗಳು. ಇವುಗಳ ನಡುವೆ ಧೂಳು ಒರೆಸುತ್ತ ಬುಗುರಿಯಂತೆ ತಿರುಗುತ್ತಿದ್ದವಳು ನಮ್ಮಕ್ಕ. ಅವಳು ಕೂತಿದ್ದನ್ನು ಕಂಡವರಿಲ್ಲ. ಊಟವನ್ನೂ ನಿಂತೇ ಮುಗಿಸುವವಳು. ಬಾಯಿಗೂ ಬಿಡುವಿರಲಿಲ್ಲ. ಕಂಡವರ ಸತ್ತ ಅಜ್ಜಿಯರಿಗೆಲ್ಲ ತಾನು ಪುಕ್ಕಟೆ ಆಯಾ ಆದೆನೆಂದು ಅವಳು ಒಗ್ಗರಣೆ ಸಿಡಿದಂತೆ ಸಿಡಿಯುತ್ತಿದ್ದರೆ, ಭಾವ ಭೂತಗನ್ನಡಿಯ ಹಿಂದೆ ಅವಿತುಕೊಳ್ಳುತ್ತಿದ್ದರು.

ಭಾವನ ಪರೀಕ್ಷೆಯ ಗುಟ್ಟು ಒಂದೇ: ಸವೆತ. ಮೋಸಗಾರರು ಹೊಸ ಮರವನ್ನು ಸರಪಳಿಯಿಂದ ಬಡಿದು, ಉಪ್ಪುಕಾಗದ ಉಜ್ಜಿ ಹಳತು ಮಾಡುತ್ತಾರೆ. ಆದರೆ ಅವರು ಎಲ್ಲ ಕಡೆ ಒಂದೇ ಸಮ ಉಜ್ಜುತ್ತಾರೆ. ಬದುಕು ಹಾಗೆ ಉಜ್ಜುವುದಿಲ್ಲ. ಡಬ್ಬಿ ಸವೆಯುವುದು ಹೆಬ್ಬೆರಳು ಮುಟ್ಟಿದಲ್ಲಿ, ಹೊಸ್ತಿಲು ಸವೆಯುವುದು ಕಾಲಿಟ್ಟಲ್ಲಿ. ಸವೆತ ನೋಡಿದರೆ ಸಾಕು, ಭಾವ ಆ ವಸ್ತುವಿನ ಯಜಮಾನ ಎಡಚನೋ, ಕುಂಟನೋ, ಜಿಪುಣನೋ ಹೇಳಿಬಿಡುತ್ತಿದ್ದರು. ಹೀಗಾಗಿ ಅವರ ಧರ್ಮಶಾಸ್ತ್ರದಲ್ಲಿ ಮಹಾಪಾತಕವೂ ಒಂದೇ: ಹಳೆಯ ವಸ್ತುವಿನ ಸವೆತ ಅಳಿಸುವುದು.

ಆ ಕುರ್ಚಿ ಬಂದದ್ದು ಗುಜರಿಯವನ ಗಾಡಿಯಲ್ಲಿ. ಬೀಗ ಬಿದ್ದಿದ್ದ ಯಾವುದೋ ಮನೆ ಕೆಡವಿದಾಗ ಸಿಕ್ಕಿದ್ದು. ರಾಣಿಯೊಬ್ಬಳು ಇದರ ಮೇಲೆ ಕೂತೇ ಪ್ರಾಣ ಬಿಟ್ಟಳೆಂದು ಗುಜರಿಯವನು ಶುರುಮಾಡಿದ. ಅವನ ಸರಕಿನ ಮೇಲೆಲ್ಲ ಯಾರಾದರೊಬ್ಬ ರಾಣಿ ಪ್ರಾಣ ಬಿಟ್ಟೇ ಇರುತ್ತಾಳೆ. ಭಾವ ಅವನ ಬಾಯಿ ಮುಚ್ಚಿಸಿ, ಟಾರ್ಚು ಹಿಡಿದು ಕುರ್ಚಿಯ ಅಡಿಗೆ ತೆವಳಿದರು. ಹೊರಬಂದಾಗ ತಲೆಯ ತುಂಬ ಜೇಡರ ಬಲೆ, ಕಣ್ಣಲ್ಲಿ ನೀರು.

ಎಡಗೈ ಇಡುವ ಕೈಪಟ್ಟಿಯಲ್ಲಿ ನಾಲ್ಕು ಬೆರಳಿನ ನಾಲ್ಕು ಗುಳಿಗಳು, ಮಳೆಹನಿ ಬಿದ್ದೂ ಬಿದ್ದೂ ಕಲ್ಲು ತೂತಾದಂತೆ. ಕುರ್ಚಿಯ ಮುಂಗಾಲುಗಳ ನಡುವಿನ ಅಡ್ಡಪಟ್ಟಿ ಹಿಮ್ಮಡಿ ಉಜ್ಜಿ ಅರ್ಧ ತೆಳುವಾಗಿತ್ತು. ಎಡಗಡೆಯ ಮುಂಗಾಲು ಮಾತ್ರ ಗಿಡ್ಡ. ಕೂತವರು ಸದಾ ಆ ಕಡೆಗೇ ವಾಲುತ್ತಿದ್ದರು. ಭಾವ ತೀರ್ಪು ಕೊಟ್ಟರು: ಹೆಂಗಸು. ಎಡಗಡೆ ಕಿಟಕಿ. ಬೆರಳು ಬಡಿಯುತ್ತ, ಹಿಮ್ಮಡಿ ಉಜ್ಜುತ್ತ, ಜೀವಮಾನವಿಡೀ ಪ್ರಿಯನಿಗಾಗಿ ಕಾದವಳು.

"ಎಂಥಾ ಪ್ರೀತಿ ನೋಡು" ಎಂದು ಅಕ್ಕನ ಕಡೆ ತಿರುಗಿದರು.

"ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತೆ" ಎಂದಳು ಅಕ್ಕ.

ಕುರ್ಚಿ ಗೋಡೆಯ ಪಕ್ಕ ನೆಲೆಯಾಯಿತು. ಒಂದು ಮಧ್ಯಾಹ್ನ, ಯಾಕೋ ಏನೋ, ಅಕ್ಕ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಅದರ ಮೇಲೆ ಕೂತಳು. ಭಾವ ನನ್ನನ್ನು ಕರೆದು ತೋರಿಸಿದರು. ಅವಳ ಎಡಗೈಯ ಬೆರಳುಗಳು ಗುಳಿಗಳಲ್ಲಿ, ಅಳತೆ ಕೊಟ್ಟು ಹೊಲಿಸಿದಂತೆ, ಕೂತಿದ್ದವು. ಮರುದಿನವೂ ಕೂತಳು. ಬೆರಳು ಬಡಿಯತೊಡಗಿದವು. ಅವಳು ಬಲಗೈಯವಳು, ಎಡಗೈಯಲ್ಲಿ ಚಮಚ ಹಿಡಿಯಲೂ ಬಾರದು. ಆದರೂ ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ನಾಲ್ಕು ಬೆರಳು ಒಂದಾದ ಮೇಲೊಂದು, ಒಂದು ಬಿಡುವು, ಮತ್ತೆ ಮೊದಲಿನಿಂದ. ಹಿಮ್ಮಡಿ ಅಡ್ಡಪಟ್ಟಿಯನ್ನು ಉಜ್ಜುತ್ತಿತ್ತು. ಮುಖ ಎಡಕ್ಕೆ ವಾಲಿತ್ತು. ಅಲ್ಲಿ ಕಿಟಕಿಯಿರಲಿಲ್ಲ, ಬೋಳು ಗೋಡೆ. ಅವಳ ಕಣ್ಣುಗುಡ್ಡೆ ಮಾತ್ರ, ಬೀದಿಯಲ್ಲಿ ಹೋಗುವವರನ್ನು ಹಿಂಬಾಲಿಸುವ ಹಾಗೆ, ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು.

ಬೇರೆ ಯಾವ ಗಂಡನಾದರೂ ಹೆದರಿ ಬೆವರುತ್ತಿದ್ದ. ಬುಡದ ಭಾವ ಹಿರಿಹಿರಿ ಹಿಗ್ಗಿದರು. ತಮ್ಮ ತೀರ್ಪಿಗೆ ಇಂಥ ಜೀವಂತ ಸಾಕ್ಷಿ ಯಾವ ಸಂಗ್ರಾಹಕನಿಗೆ ಸಿಕ್ಕಿತ್ತು? ಗಡಿಯಾರ ಕೂಡಿಡುವ ಗೆಳೆಯನನ್ನು ಕರೆಸಿ, ಅಕ್ಕನನ್ನು ಕೂರಿಸಿ, ಕಡ್ಡಿ ಹಿಡಿದು ಒಂದೊಂದೇ ಗುಳಿಯನ್ನು ವಿವರಿಸಿದರು. ಗಡಿಯಾರದವರು ಹೊಟ್ಟೆಕಿಚ್ಚಿನಿಂದ ಕರಕಲಾದರು. ತಮ್ಮ ಮನೆಯವಳು ಯಾವ ಗಡಿಯಾರಕ್ಕೂ ಹೀಗೆ ಹೊಂದಿಕೊಳ್ಳಲಿಲ್ಲವೆಂದು ನಿಟ್ಟುಸಿರಿಟ್ಟರು. ಮೇಲಾಗಿ, ಮನೆಯಲ್ಲಿ ಬೈಗುಳ ನಿಂತಿತ್ತು. ಅದನ್ನು ಶಾಂತಿ ಎಂದುಕೊಂಡು ಭಾವ ಹಾಲು ಕುಡಿದವರಂತಿದ್ದರು. ಧೂಳು ಮಾತ್ರ ಎಲ್ಲದರ ಮೇಲೂ ಸದ್ದಿಲ್ಲದೆ ಕೂರುತ್ತಿತ್ತು.

ನಾನು ಮುಂದಿನ ಸಲ ಹೋದಾಗ ಒಲೆ ತಣ್ಣಗಿತ್ತು. ಅಕ್ಕ ಕುರ್ಚಿಯಲ್ಲಿದ್ದಳು. ಕೆನ್ನೆ ಒಳಸೇರಿತ್ತು. ಹಿಮ್ಮಡಿ ಉಜ್ಜಿ ಉಜ್ಜಿ ಚರ್ಮ ಸುಲಿದು ಅಡ್ಡಪಟ್ಟಿ ಒದ್ದೆಯಾಗಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ. ಕರೆದೆ. ನೆರೆಮನೆಯವರ ಜೊತೆ ಮಾತಾಡುವ ಸೌಜನ್ಯದಿಂದ ನನ್ನತ್ತ ತಿರುಗಿದಳು.

"ಅವರು ಇನ್ನೂ ಬಂದಿಲ್ಲ. ನೀವು ಯಾರು ಅಂತ ಹೇಳಲಿ?"

ನಾನು ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದೆ. ಸುದ್ದಿ ಕೇಳಿದ ಭಾವ, ಯಾರದೋ ಕನ್ನಡಕ ಕೈಯಲ್ಲೇ ಹಿಡಿದುಕೊಂಡು ಎದ್ದರು. ದೇವರಾಣೆಗೂ, ಮೊದಲು ಅವರ ಮುಖದಲ್ಲಿ ಮಿಂಚಿದ್ದು ಸಂತೋಷ. 'ಅವರು' ಅಂದಳೇ, ಹಾಗಾದರೆ ಗಂಡಸೇ, ನಾನು ಮೊದಲೇ ಹೇಳಿರಲಿಲ್ಲವೇ ಎನ್ನುತ್ತಲೇ ಮೆಟ್ಟಿಲು ಹತ್ತಿದರು. ಮೇಲೆ ಹೋಗಿ ಎದುರು ನಿಂತರು. ಅಕ್ಕ ಅವರನ್ನು ಗಾಜಿನ ಮೂಲಕ ನೋಡುವ ಹಾಗೆ ನೋಡಿ, ಸ್ವಲ್ಪ ಪಕ್ಕಕ್ಕೆ ನಿಲ್ಲುವಂತೆ ಸನ್ನೆ ಮಾಡಿದಳು. ಅವರು ಗೋಡೆಗೆ ಅಡ್ಡವಾಗಿದ್ದರು.

ಭಾವನ ಮುಖದ ಬಣ್ಣ ಇಳಿದದ್ದು ಆಗ.

ಇಬ್ಬರೂ ಸೇರಿ ಅವಳನ್ನು ಎಬ್ಬಿಸಲು ನೋಡಿದೆವು. ಒಣಗಿದ ಕಡ್ಡಿಯಂತಿದ್ದವಳು ಮಿಸುಕಲಿಲ್ಲ. ನೆಲಕ್ಕೆ ಬೇರು ಬಿಟ್ಟಂತೆ ಭಾರ. ಫೋನಿನಲ್ಲಿ ಗಡಿಯಾರದವರ ಸಲಹೆ ಕೇಳಿದ್ದಾಯಿತು. "ಡಾಕ್ಟರನ್ನಾದರೂ ಕರೆಸಿ, ಮಂತ್ರವಾದಿಯನ್ನಾದರೂ ಕರೆಸಿ. ಕುರ್ಚಿಗೆ ಮಾತ್ರ ಕೈ ಹಚ್ಚಬೇಡಿ" ಎಂದರು ಆ ಮಹಾನುಭಾವರು.

ಭಾವ ಫೋನು ಕೆಳಗಿಟ್ಟು ಬಹಳ ಹೊತ್ತು ಗುಳಿಗಳನ್ನೇ ನೋಡಿದರು. ಅಂಥ ಸವೆತ ಅವರಿಗೆ ಇನ್ನೊಂದು ಜನ್ಮದಲ್ಲೂ ಸಿಗಲಾರದು. ಆಮೇಲೆ ಒಳಗೆ ಹೋಗಿ ಗರಗಸ, ಅರ, ಉಪ್ಪುಕಾಗದ ತಂದು, ಹೆಂಡತಿಯ ಕಾಲ ಬಳಿ ಮಂಡಿಯೂರಿದರು. ಗರ್ಭಗುಡಿಯಲ್ಲಿ ಕಳ್ಳತನಕ್ಕಿಳಿದ ಅರ್ಚಕನಂತೆ ಒಮ್ಮೆ ಹಿಂದೆ ಮುಂದೆ ನೋಡಿದರು.

ಮೊದಲು ಅಡ್ಡಪಟ್ಟಿಯನ್ನು ಗರಗಸದಿಂದ ಕೊಯ್ದು ತೆಗೆದರು. ಹಿಮ್ಮಡಿ ಗಾಳಿಯಲ್ಲಿ ಉಜ್ಜಿಕೊಂಡಿತು. ನಂತರ ಕೈಪಟ್ಟಿ. ಅಕ್ಕನ ಬೆರಳು ಮೇಲೇಳುವ ಬಿಡುವಿನಲ್ಲಿ ಒಂದು ಉಜ್ಜು, ಬೆರಳು ಬಿದ್ದಾಗ ಕೈ ಹಿಂದಕ್ಕೆ. ಹೀಗೆ ಬೆರಳೂ ಅರವೂ ಸರದಿಯ ಮೇಲೆ ಕೆಲಸ ಮಾಡಿದವು. ನಾನು ಅವಳ ಭುಜ ಹಿಡಿದು ನಿಂತಿದ್ದೆ. ಗುಳಿಯ ಅಂಚು ಕರಗಿ, ಕಪ್ಪು ಹೊಳಪಿನ ಅಡಿಯಿಂದ ಬಿಳಿಯ ಹಸಿಮರ ಕಾಣಿಸಿತು. ಕಿರುಬೆರಳು ತನ್ನ ಗುಳಿ ಸಿಗದೆ ತಡವರಿಸಿತು, ಕತ್ತಲಲ್ಲಿ ಕೊನೆಯ ಮೆಟ್ಟಿಲು ಇದೆಯೆಂದು ಕಾಲಿಟ್ಟವರ ಹಾಗೆ. ಉಂಗುರಬೆರಳು ತಪ್ಪಿತು. ಕೊನೆಗೆ ನಾಲ್ಕೂ ಬೆರಳು ಗಾಳಿಯಲ್ಲಿ ನಿಂತುಬಿಟ್ಟವು. ನನ್ನ ಕೈಯ ಕೆಳಗೆ ಅವಳ ಭುಜ ಹಗುರಾಯಿತು.

ಅಕ್ಕ ಗೋಡೆಯಿಂದ ಕಣ್ಣು ಕಿತ್ತು ಕೆಳಗೆ ನೋಡಿದಳು.

"ರೀ, ಈ ಹೊಟ್ಟನ್ನೆಲ್ಲ ನಿಮ್ಮಜ್ಜಿ ಬಂದು ಗುಡಿಸ್ತಾಳಾ?"

ಬೈಗುಳ ಕೇಳಿ ಗೊಳೋ ಎಂದು ಅತ್ತ ಗಂಡಸನ್ನು ನಾನು ಕಂಡದ್ದು ಅದೊಂದೇ ಸಲ. ಅವರೇ ಗುಡಿಸಿದರು. ಅವಳ ಹಿಮ್ಮಡಿಗೆ ಔಷಧಿ ಹಚ್ಚಿದವರೂ ಅವರೇ.

ಹಿಮ್ಮಡಿಯ ಗಾಯ ಮಾಯ್ದ ಮೇಲೊಮ್ಮೆ ಅಕ್ಕ ನಿಂತೇ ಕಾಫಿ ಕುಡಿಯುತ್ತಿದ್ದಾಗ, ಅಂಗಡಿಯ ಕಡೆ ಕಿವಿಯಿಟ್ಟು, ದನಿ ತಗ್ಗಿಸಿದಳು. ಭಾವ ಎಲ್ಲವನ್ನೂ ಸರಿಯಾಗಿಯೇ ಓದಿದ್ದರಂತೆ: ಹೆಂಗಸು ನಿಜ, ಕಿಟಕಿ ನಿಜ, ಗಂಡಸೂ ನಿಜ.

"ಆದರೆ ಅವಳು ಅವನಿಗೆ ಕಾಯ್ತಿರಲಿಲ್ಲ. ಅವನು ಬರೋದರೊಳಗೆ ಎದ್ದು ಹೊರಟುಹೋಗಬೇಕು ಅಂತ ಇದ್ದಳು. ಬೆರಳಲ್ಲಿ ಎಣಿಸೋಳು, ನಾಲ್ಕಕ್ಕೆ ಏಳ್ತೀನಿ ಅಂತ. ಏಳೋಕೆ ಅಂತ ಹಿಮ್ಮಡೀನ ಪಟ್ಟಿಗೆ ಒತ್ತೋಳು. ಅಷ್ಟರಲ್ಲಿ ಅವನ ನೆರಳು ಬೀದೀಲಿ ಕಾಣ್ತಿತ್ತು. ಮತ್ತೆ ಮೊದಲಿಂದ."

ಕೊನೆಗಾದರೂ ಎದ್ದಳೇ ಎಂದು ಕೇಳಿದೆ.

ಅಕ್ಕ ಲೋಟ ತೊಳೆಯಲು ತಿರುಗಿದಳು.

"ಮರ ಅಷ್ಟು ಸವೆದಿತ್ತಲ್ಲ, ನೋಡಲಿಲ್ವಾ?"