ಮಾವ ಗಡಿ ದಾಟಿಸಿದ ಬಾಗಿಲು

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತರಾದವರು. ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ, ಪ್ರವಾಸಿ ಮಂದಿರ ಎಂದು ಊರೂರು ಸುತ್ತಿ ಕಟ್ಟಡ ಕಟ್ಟಿಸಿದರು. ಎಷ್ಟು ಬಾಗಿಲು ನಿಲ್ಲಿಸಿದ್ದಾರೋ ಅವರಿಗೇ ಗೊತ್ತಿಲ್ಲ. ಸ್ವಂತದ್ದು ಮಾತ್ರ ಒಂದೂ ಇಲ್ಲ. ನೌಕರಿ ಇರುವ ತನಕ ಕ್ವಾರ್ಟರ್ಸು, ಆಮೇಲೆ ಮೈಸೂರಿನಲ್ಲಿ ಯಾರೋ ಕಟ್ಟಿ ಮುಗಿಸಿದ್ದ ಫ್ಲ್ಯಾಟು. "ಬೀಗದ ಕೈ ಕೊಟ್ರು, ಒಳಗೆ ಹೋದ್ವಿ. ಅದೂ ಒಂದು ಗೃಹಪ್ರವೇಶಾನಾ?" ಎಂದು ಈಗಲೂ ಗೊಣಗುತ್ತಾರೆ.

ಕೋವಿಡ್ ಮುಗಿದು ಗಡಿಗಳೆಲ್ಲ ತೆರೆದ ಮೇಲೆ ನಾವು ಅಮೆರಿಕದ ಸ್ಟರ್ಲಿಂಗ್‌ನಲ್ಲಿ ಮನೆ ಕೊಂಡೆವು. ಆ ಬೇಸಿಗೆಗೆ ಮಾವ ಬಂದರು. ಬಂದ ಮೂರನೇ ದಿನವೇ ಗೋಡೆಗಳನ್ನು ಬೆರಳಿನಿಂದ ಕುಟ್ಟುತ್ತಾ ಇಡೀ ಮನೆ ಸುತ್ತಿದರು. "ಗೋಡೆ ಅಂತಾರಾ ಇದನ್ನ? ರಟ್ಟು!" ಎಂದು ನಕ್ಕರು. ಕೊನೆಗೆ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯ ಮುಂದೆ ನಿಂತು, ಇದು ದೇವರ ಮನೆಯಾಗಬೇಕು, ಇದಕ್ಕೆ ಹೊಸ್ತಿಲಿರುವ ತೇಗದ ಚೌಕಟ್ಟು ಬೇಕು, ಅದನ್ನು ತಾವೇ ಕೈಯಾರೆ ನಿಲ್ಲಿಸಬೇಕು ಎಂದು ತೀರ್ಮಾನಿಸಿಬಿಟ್ಟರು. ಮುಂಬಾಗಿಲ ಬಣ್ಣ ಬದಲಿಸಲೂ ನಮ್ಮ ಬಡಾವಣೆಯ ಅಸೋಸಿಯೇಷನ್‌ನ ಅನುಮತಿ ಬೇಕು ಎಂದು ನಾನು ಮೊದಲೇ ಹೇಳಿದ್ದೆ. "ಮುಂಬಾಗಿಲು ಅವರದ್ದೇ ಇರಲಿ. ಒಳಬಾಗಿಲು ನಮ್ದು" ಎಂದರು.

ತೇಗದ ಚೌಕಟ್ಟು ಎಲ್ಲಿಂದ ತರುವುದು? ಉತ್ತರ ಟೊರಾಂಟೊ ಪಕ್ಕದಿಂದ ಬಂತು. ಅಲ್ಲಿ ಮಾವನ ತಂಗಿ ಇದ್ದಾರೆ. ಹಿಂದೆ ಮೈಸೂರಿನಿಂದ ಕಂಟೇನರ್‌ನಲ್ಲಿ ಸಾಮಾನು ತರಿಸಿದಾಗ ದೇವರ ಮನೆಯ ಬಾಗಿಲನ್ನೂ ಚೌಕಟ್ಟಿನ ಸಮೇತ ತರಿಸಿದ್ದರು. ಈಗ ದೊಡ್ಡ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ, ಅಲ್ಲಿ ಅದಕ್ಕೆ ಜಾಗವಿಲ್ಲ. "ನೀನೇ ಬಂದು ತಗೊಂಡು ಹೋಗಣ್ಣ" ಎಂದರು. ತಂಗಿಯನ್ನು ನೋಡಲೆಂದು ಮಾವ ಕೆನಡಾ ವೀಸಾ ಮಾಡಿಸಿಕೊಂಡೇ ಬಂದಿದ್ದರು. ನನ್ನ ಗಂಡನಿಗೆ ಆ ವಾರ ಆನ್‌ಕಾಲ್ ಡ್ಯೂಟಿ. ಹಾಗಾಗಿ ಹೊರಟವರು ನಾನು, ಮಾವ ಮತ್ತು ನಮ್ಮ ಮಿನಿವ್ಯಾನ್. ಮಾವನ ವಾಪಸ್ ವಿಮಾನಕ್ಕೆ ಉಳಿದಿದ್ದದ್ದು ಹತ್ತೇ ದಿನ. ಈ ಸಲ ಬಾಗಿಲು ಬರಲಿಲ್ಲವೆಂದರೆ ಮಾವನ ಕೈಯಿಂದ ಅದು ನಿಲ್ಲುವುದೂ ಇಲ್ಲ. ಅಷ್ಟು ಸಾಲದು ಎಂಬಂತೆ ನಾವು ಟೊರಾಂಟೊಗೆ ಹೊರಡುವ ಮೊದಲೇ ಮಾವ ಗೋಡೆ ಕತ್ತರಿಸಿ ಜಾಗ ಮಾಡಿಟ್ಟಿದ್ದರು.

ನಾನು ಡೇಟಾ ಸೆಂಟರ್ ಕೆಲಸಗಳಿಗೆ ವೇಳಾಪಟ್ಟಿ ಹಾಕಿ ಹೊಟ್ಟೆ ಹೊರೆಯುವವಳು. ಪಟ್ಟಿಯಿಲ್ಲದೆ ಕೊತ್ತಂಬರಿ ಸೊಪ್ಪು ತರಲೂ ಹೋಗುವುದಿಲ್ಲ. ಗಡಿಯ ಕಚೇರಿಗೆ ಎರಡು ಸಲ ಫೋನ್ ಮಾಡಿ ವಿಚಾರಿಸಿದೆ. ಹಳೆಯದು, ಒಣಗಿದ್ದು, ಪಾಲಿಶ್ ಆದದ್ದು, ತೊಗಟೆಯಿಲ್ಲದ್ದು ಆದರೆ ತನ್ನಿ, ಹುಳ ಇರಬಾರದು, ಉಳಿದದ್ದು ಅಲ್ಲಿ ನೋಡಿದ ಅಧಿಕಾರಿಯ ತೀರ್ಮಾನ ಎಂದರು. ಬಾಗಿಲಿನ ಫೋಟೋಗಳು, ಉಡುಗೊರೆ ಎಂದು ಮಾವನ ತಂಗಿ ಬರೆದ ಪತ್ರ, ಅಳತೆ, ತೂಕ ಎಲ್ಲವನ್ನೂ ಒಂದು ಕೆಂಪು ಫೈಲಿಗೆ ಹಾಕಿದೆ. ಪೆನ್ಸಿಲ್ವೇನಿಯಾದ ಬೆಟ್ಟಗಳುದ್ದಕ್ಕೂ ಮಾವ ಆ ಫೈಲನ್ನು ಓದಿದರು. ಎರಡು ಕಡೆ ತಪ್ಪು ತೋರಿಸಿದರು.

ಎರಡನೆಯ ದಿನ ಬೆಳಿಗ್ಗೆ ಮಾವ ಮತ್ತು ಅವರ ತಂಗಿ ಸೇರಿ ಚೌಕಟ್ಟನ್ನು ಬಿಚ್ಚಿ ನಾಲ್ಕು ಭಾಗ ಮಾಡಿದರು. ಎರಡು ಕದಗಳ ಮೇಲೂ ಸಾಲಾಗಿ ಪುಟ್ಟ ಹಿತ್ತಾಳೆ ಗಂಟೆಗಳಿದ್ದವು. "ಇವನ್ನ ಮಾತ್ರ ನಾನು ಇಟ್ಕೋತೀನಣ್ಣ. ಹೊಸ ಮನೇಲಿ ಗೋಡೆಗಾದ್ರೂ ತಗುಲಿಸ್ತೀನಿ" ಎಂದು ತಂಗಿ ಒಂದೊಂದಾಗಿ ತಿರುಗಿಸಿ ತೆಗೆದುಕೊಂಡರು. ಮರವನ್ನು ಕಂಬಳಿಯಲ್ಲಿ ಸುತ್ತಿ ವ್ಯಾನಿನಲ್ಲಿ ಮಲಗಿಸಿದೆವು. ಸೀಟುಗಳನ್ನೆಲ್ಲ ಮಡಚಿ ಒಂದನ್ನು ಮಾತ್ರ ಬಿಟ್ಟಿದ್ದೆ. ಮಾವ ಅದರಲ್ಲಿ ಕೂತು ಒಂದು ಕೈಯನ್ನು ಹೊಸ್ತಿಲ ಮೇಲಿಟ್ಟುಕೊಂಡರು.

ಇನ್ನೇನು ಹೊರಡಬೇಕು, ಆಗ ಅವರ ತಂಗಿ ಆರತಿ ತಟ್ಟೆ ಹಿಡಿದು ಬಂದರು. ಮನೆಯ ಬಾಗಿಲನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದರು, ಮಾವಿನ ತೋರಣ ಕಟ್ಟಿದರು, ತೆಂಗಿನಕಾಯಿ ಇಟ್ಟರು, ಕೊನೆಗೆ ಹಳದಿ ಬಟ್ಟೆಯಲ್ಲಿ ಕಟ್ಟಿದ ನವಧಾನ್ಯದ ಗಂಟು. ಹೊಸ್ತಿಲು ಕೂರಿಸುವಾಗ ಅದರ ಕೆಳಗೆ ಹಾಕಬೇಕಂತೆ. ಎಲೆ, ಕಾಯಿ, ಬೀಜ! ಗಡಿಯಲ್ಲಿ ಬೇಡವೇ ಬೇಡ ಎನ್ನುವ ಮೂರನ್ನೂ ಒಂದೇ ತಟ್ಟೆಯಲ್ಲಿ ತಂದಿದ್ದರು. ಆದರೆ ಆ ಮನುಷ್ಯೆಯ ಕಣ್ಣಲ್ಲಿ ನೀರು ತುಂಬಿತ್ತು. "ತುಂಬಾ ಚೆನ್ನಾಗಿದೆ ಅತ್ತೆ" ಎಂದೆ.

ಗಡಿಗೆ ಅರ್ಧ ಗಂಟೆ ಇರುವಾಗ ದಾರಿಬದಿಯ ತಂಗುದಾಣದಲ್ಲಿ ಗಾಡಿ ನಿಲ್ಲಿಸಿದೆ. "ಮಾವ, ಬೈಕೋಬೇಡಿ, ಇದೆಲ್ಲ ಇಲ್ಲೇ ಬಿಡಬೇಕು" ಎಂದು ತೋರಣ ಬಿಚ್ಚಿದೆ. ಕಾಯಿಯನ್ನು ಕಟ್ಟೆಗೆ ಕುಟ್ಟಿ ಒಡೆದು ಇಬ್ಬರೂ ಅಲ್ಲೇ ತಿಂದೆವು. ಚಿಪ್ಪನ್ನು ಕಸಕ್ಕೆ ಹಾಕಿದೆ. ಪಕ್ಕದ ಬೆಂಚಿನಲ್ಲಿದ್ದ ದಂಪತಿ ತಮ್ಮ ಸ್ಯಾಂಡ್‌ವಿಚ್ ಮರೆತು ನಮ್ಮನ್ನೇ ನೋಡುತ್ತಿದ್ದರು. "ನವಧಾನ್ಯ?" ಎಂದು ಕೇಳಿದೆ. "ನಾನು ನೋಡ್ಕೋತೀನಿ, ನೀನು ಕೈ ತೊಳ್ಕೊಂಡು ಬಾ" ಎಂದರು ಮಾವ. ಗುಬ್ಬಚ್ಚಿಗಳಿಗೆ ಹಾಕುತ್ತಾರೆ ಎಂದುಕೊಂಡು ನಾನು ಕೈ ತೊಳೆಯಲು ಹೋದೆ.

ನಯಾಗರ ಸೇತುವೆಯ ಆಚೆ ಸಾಲು ನಿಧಾನವಾಗಿ ಸರಿಯಿತು. ಗೂಡಿನಲ್ಲಿದ್ದ ಅಧಿಕಾರಿ ನಮ್ಮ ಪಾಸ್‌ಪೋರ್ಟ್ ನೋಡಿ, ಹಿಂದೇನಿದೆ ಎಂದರು. ನಾನು ಕೆಂಪು ಫೈಲ್ ಕೊಟ್ಟೆ. ಹಣ್ಣು, ಗಿಡ, ಬೀಜ ಏನಾದರೂ ಇದೆಯೇ ಎಂದು ಕೇಳಿದರು.

"ನೋ" ಎಂದೆ, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ.

"ಯೆಸ್ ಸರ್" ಎಂದಿತು ಹಿಂದಿನ ಸೀಟು. "ನೈನ್ ವೆರೈಟೀಸ್."

ತಿರುಗಿ ನೋಡಿದರೆ ಮಾವ ಅಂಗಿಯ ಜೇಬಿನಿಂದ ಹಳದಿ ಗಂಟನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ತೋರಿಸುತ್ತಿದ್ದಾರೆ. ಅಧಿಕಾರಿ ನನ್ನನ್ನು ನೋಡಿದರು, ಗಂಟನ್ನು ನೋಡಿದರು. ಫೈಲನ್ನು ವಾಪಸ್ ಕೊಟ್ಟು, ಗಾಡಿಯನ್ನು ತಪಾಸಣೆಯ ಶೆಡ್ಡಿಗೆ ತೆಗೆದುಕೊಂಡು ಹೋಗಿ ಎಂದರು.

ಆ ನೂರು ಗಜ ದೂರದಲ್ಲಿ ನಾನು ಆಡಬಾರದ್ದನ್ನೆಲ್ಲ ಆಡಿದೆ. "ಎರಡು ವಾರ ಒದ್ದಾಡಿದ್ದೀನಿ ಮಾವ! ಒಂದು ಮುಷ್ಟಿ ಕಾಳಿಗೋಸ್ಕರ ನನ್ನನ್ನ ಸುಳ್ಳಿ ಮಾಡಿಬಿಟ್ರಲ್ಲ! ಬಿಸಾಕ್ಬಾರ್ದಿತ್ತಾ? ಬಿಸಾಕಿಲ್ಲ ಅಂತ ನನಗಾದ್ರೂ ಹೇಳ್ಬಾರ್ದಿತ್ತಾ?"

"ತಂಗಿ ಕೊಟ್ಟಿದ್ದನ್ನ ಹೆಂಗಮ್ಮ ಬಿಸಾಕೋದು? ಕೇಳಿದ್ರೆ ಹೇಳೋಣ, ಕೇಳದಿದ್ರೆ ಸುಮ್ನಿರೋಣ ಅಂತಿದ್ದೆ. ಕೇಳಿದ್ರು, ಹೇಳ್ದೆ" ಎಂದರು ಮಾವ, ತುಂಬಾ ಶಾಂತವಾಗಿ. ಆ ಶಾಂತಿಗೇ ನನಗೆ ಮೈಯೆಲ್ಲ ಉರಿದುಹೋಯಿತು.

ಶೆಡ್ಡಿನಲ್ಲಿ ಬಂದವರು ಕೃಷಿ ತಪಾಸಣೆಯ ಅಧಿಕಾರಿ, ನನ್ನದೇ ವಯಸ್ಸಿನ ಹೆಂಗಸು. ಗಂಟನ್ನು ಬಿಚ್ಚಿ ಸ್ಟೀಲ್ ಮೇಜಿನ ಮೇಲೆ ಹರಡಿದರು. ಮಾವ ಒಂದೊಂದನ್ನೇ ಬೆರಳಿನಿಂದ ಬೇರೆ ಮಾಡುತ್ತಾ ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ ಎಂದು ಪರಿಚಯ ಮಾಡಿಸಿದರು. ಆಕೆ ಹುರುಳಿಯನ್ನು ಮಾತ್ರ ಹತ್ತಿರ ಹಿಡಿದು ನೋಡಿ, ಇದನ್ನು ಏನು ಮಾಡುತ್ತೀರಿ ಎಂದರು. ಮಾವ ಹುರುಳಿ ಸಾರಿನ ವಿಧಾನ ಶುರು ಮಾಡಿದರು. ನಾನು ಕೆಮ್ಮಿದೆ. ನೀವಾಗಿಯೇ ಹೇಳಿದ್ದರಿಂದ ದಂಡವಿಲ್ಲ, ಆದರೆ ಇದನ್ನು ಒಳಗೆ ಬಿಡಲಾಗುವುದಿಲ್ಲ ಎಂದು ಆಕೆ ಕಾಳುಗಳನ್ನೆಲ್ಲ ಚೀಲಕ್ಕೆ ತುಂಬಿ ಸೀಲ್ ಮಾಡಿದರು. ಮಾವ ಆ ಚೀಲಕ್ಕೆ ಕೈ ಮುಗಿದರು. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಆಕೆ ಟಾರ್ಚ್ ಹಿಡಿದು ಕಂಬಳಿ ಸರಿಸಿದರು. ಕದದ ಮೇಲೆ ಸಣ್ಣ ಗುಂಡನೆಯ ತೂತುಗಳು, ಅವುಗಳ ಕೆಳಗೆ ಕಂಬಳಿಯ ಮೇಲೆ ಉದುರಿದ ಹಿಟ್ಟಿನಂಥ ಮರದ ಪುಡಿ. ಆಕೆಯ ಮುಖ ಗಂಭೀರವಾಯಿತು. ಮರ ಕೊರೆಯುವ ಹುಳ ಇದ್ದರೆ ಇದು ವಾಪಸ್ ಹೋಗಬೇಕಾಗುತ್ತದೆ ಎಂದರು.

ಫೈಲಿನಲ್ಲಿದ್ದ ಫೋಟೋಗಳಲ್ಲಿ ಗಂಟೆಗಳು ಕಾಣುತ್ತಿದ್ದವು ನಿಜ, ಆದರೆ ಗಾಬರಿಯಲ್ಲಿ ನನಗೆ ಗಂಟೆಯೂ ನೆನಪಾಗಲಿಲ್ಲ, ಫೋಟೋವೂ ನೆನಪಾಗಲಿಲ್ಲ. ಮಾವನ ಮುಖ ನೋಡಿದೆ. ಅವರ ಬಣ್ಣ ಇಳಿದುಹೋಗಿತ್ತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರಿಗೆ ವಯಸ್ಸಾಗಿದೆ ಎನ್ನಿಸಿತು. ನೂರು ಗಜದಲ್ಲಿ ಆಡಿದ ಮಾತುಗಳಿಗೆಲ್ಲ ನನಗೇ ನಾಚಿಕೆಯಾಯಿತು.

ಮಾವ ಬಗ್ಗಿ ಕದದ ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಪ್ಯಾಂಟಿನ ಜೇಬಿಗೆ ಕೈ ಹಾಕಿ ಅಳತೆ ಟೇಪು ತೆಗೆದರು. ದೇವಸ್ಥಾನಕ್ಕೆ ಹೋಗುವಾಗಲೂ ಅದು ಅವರ ಜೇಬಿನಲ್ಲಿರುತ್ತದೆ. ಒಂದು ತೂತಿನಿಂದ ಇನ್ನೊಂದಕ್ಕೆ ಹಿಡಿದರು, ಆರು ಇಂಚು. ಮುಂದಿನದು ಆರು ಇಂಚು. ಅದರ ಮುಂದಿನದೂ ಆರು ಇಂಚು. ಎರಡನೆಯ ಕದಕ್ಕೂ ಹಿಡಿದರು. ಟೇಪಿನ ಒಂದು ತುದಿಯನ್ನು ಹಿಡಿದುಕೊಳ್ಳಲು ಅಧಿಕಾರಿಗೇ ಕೊಟ್ಟರು. ಆಕೆ ಹಿಡಿದುಕೊಂಡರು! ಹನ್ನೆರಡು ತೂತು, ಎಲ್ಲೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಗಂಟೆಗಳನ್ನು ಇವತ್ತು ಬೆಳಿಗ್ಗೆಯೇ ಬಿಚ್ಚಿದ್ದು, ಪುಡಿ ಅದರದ್ದೇ ಎಂದು ಮಾವ ತಮ್ಮ ಕಡತದ ಇಂಗ್ಲಿಷಿನಲ್ಲಿ ವಿವರಿಸಿದರು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ ನಿಂತು, "ಮೇಡಂ, ಇನ್ಸೆಕ್ಟ್ ಕೆನಾಟ್ ಮೆಷರ್" ಎಂದರು.

ಆಗ ನನಗೆ ಫೋಟೋ ನೆನಪಾಗಿ ಫೈಲು ತಡಕಾಡಿ ತೋರಿಸಿದೆ. ಆಕೆ ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ, ನಗುತ್ತಿದ್ದರು. ಒಂದು ತೂತಿನೊಳಗೆ ಟಾರ್ಚ್ ಬಿಟ್ಟು ಸ್ಕ್ರೂನ ತಿರುವು ಗುರುತನ್ನು ನೋಡಿ, ಹೋಗಿ ಎಂದು ಕೈ ಬೀಸಿದರು.

ಗಾಡಿ ಹೆದ್ದಾರಿಗೆ ಹತ್ತಿದ ಮೇಲೆ ನಾನು "ಸಾರಿ ಮಾವ" ಎಂದೆ. "ಯಾಕಮ್ಮಾ?" ಎಂದರು. ನಿಜವಾಗಿಯೂ ಮರೆತಿದ್ದರೋ, ಮರೆತಂತೆ ನಟಿಸಿದರೋ ಗೊತ್ತಿಲ್ಲ. ಆಮೇಲೆ ಮನೆ ಸೇರುವ ತನಕ ಹುರುಳಿ ಸಾರು ಮಾಡುವ ವಿಧಾನವನ್ನು ಪೂರ್ತಿ ಕೇಳಿಸಿಕೊಂಡೆ. ಒಂಬತ್ತೂ ಕಾಳುಗಳು ನಮ್ಮ ಮನೆಯಿಂದ ಐದು ನಿಮಿಷದ ಇಂಡಿಯನ್ ಅಂಗಡಿಯಲ್ಲೇ ಸಿಕ್ಕವು.

ಮಾವ ಹೊರಡುವುದಕ್ಕೆ ಮೂರು ದಿನ ಮೊದಲು, ಭಾನುವಾರ ಬೆಳಿಗ್ಗೆ, ಚೌಕಟ್ಟು ನಿಲ್ಲಿಸಿದೆವು. ನನ್ನ ಗಂಡ ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ. ಮಾವ ಮಟ್ಟ ನೋಡಿದರು, ಮತ್ತೆ ನೋಡಿದರು, ನಮ್ಮ ತೋಳು ಬಿದ್ದುಹೋಗುವ ತನಕ ನೋಡಿದರು. ಸ್ಕ್ರೂ ಹಾಕುವ ಮುಂಚೆ "ಸ್ವಲ್ಪ ಈಚೆಗೆ ತನ್ನಿ" ಎಂದು ಹೇಳಿ, ಗೋಡೆಯ ಕಡೆಗೆ ಮರೆಯಾಗುವ ಮೈಯ ಮೇಲೆ ಪೆನ್ಸಿಲಿನಲ್ಲಿ ಬರೆದರು: ಅಳತೆ ಪರಿಶೀಲಿಸಿದೆ. ಅದರ ಕೆಳಗೆ ಇಂಜಿನಿಯರ್ ಎಂದು ಬರೆದು ಸಹಿ ಹಾಕಿದರು. ಇನ್ನೂ ಕೆಳಗೆ ಮಾಲೀಕರು ಎಂದು ಬರೆದು ಪೆನ್ಸಿಲನ್ನು ನನ್ನ ಕಡೆ ಚಾಚಿದರು.

ನಾನು ಗಂಡನ ಮುಖ ನೋಡಿದೆ. ಅವನು ಅಪ್ಪನ ಕಡೆ ಕಣ್ಣು ತೋರಿಸಿ ತಲೆಯಾಡಿಸಿದ. "ನೀವೇ ಹಾಕಿ ಮಾವ" ಎಂದೆ.

"ಎರಡೂ ಕಡೆ ಒಬ್ಬನೇ ಸಹಿ ಹಾಕಿದ್ರೆ ಆಡಿಟ್ ಆಬ್ಜೆಕ್ಷನ್ ಬರತ್ತಮ್ಮ."

"ಬರ್ಲಿ. ಉತ್ತರ ನಾನು ಕೊಡ್ತೀನಿ."

ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಇಂಜಿನಿಯರ್ ಸಹಿಯನ್ನು ಒಂದೇ ಎಳೆತಕ್ಕೆ ಹಾಕಿದ್ದವರು, ಇದನ್ನು ಮಾತ್ರ ಒಂದೊಂದೇ ಅಕ್ಷರವಾಗಿ, ತಂದೆಯ ಹೆಸರನ್ನೂ ಸೇರಿಸಿ, ಪೂರ್ತಿಯಾಗಿ ಬರೆದರು.