ಎತ್ತಿನ ಮೊಣಕಾಲಿನ ಒಂದು ಹನಿ

ನಮ್ಮ ಮೂಡಲಗಿಯ ದನದ ಡಾಕ್ಟರರಿಗೆ ಎಡಗಣ್ಣಿನ ಸುತ್ತ ಮಾತ್ರ ಸುಕ್ಕುಗಳಿದ್ದವು. ಬಲಗಣ್ಣನ್ನು ಸೂಕ್ಷ್ಮದರ್ಶಕಕ್ಕೆ, ನಮ್ಮೂರ ಬಾಯಲ್ಲಿ ದುರ್ಬೀನಿಗೆ, ಹಚ್ಚಿ, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ ವರ್ಷಗಟ್ಟಲೆ ಕೂತದ್ದರ ಗುರುತು ಅದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಊರಿಗೆ ಬಂದವರು, ಒಬ್ಬರೇ ಬಂದವರು. ಎಲ್ಲರನ್ನೂ ಅಣಕಿಸಿಕೊಂಡು ತಿರುಗುತ್ತಿದ್ದ ನನಗೆ ಅವರೊಂದು ಹಬ್ಬ. ಆ ಮುಚ್ಚಿದ ಕಣ್ಣು, ಆ ಕುಂಟು, ಹೆಜ್ಜೆಗೊಮ್ಮೆ ಟಕ್ ಎನ್ನುವ ಮೊಣಕಾಲು! ಒಮ್ಮೆ ಚಹಾದಂಗಡಿಯ ಮುಂದೆ ಕುಂಟಿ ತೋರಿಸುತ್ತಿದ್ದೆ. ನಗುತ್ತಿದ್ದವರೆಲ್ಲ ಗಪ್ಪಾದರು. ತಿರುಗಿದರೆ ಅವರೇ ನಿಂತಿದ್ದರು.

"ಎಡಗಾಲಪಾ, ಬಲಗಾಲಲ್ಲ," ಎಂದಷ್ಟೇ ಹೇಳಿ ಹೋದರು.

ಆ ವಾರವೇ ನಮ್ಮ ಬಿಳಿ ಎತ್ತು ಕುಂಟತೊಡಗಿತು. "ನೀನ ಕಲಿಸಿರಬೇಕು," ಎಂದಳು ಅವ್ವ. ಕುಂಟುವ ದನಕ್ಕೆ ಬರೆಯೇ ಮದ್ದೆಂಬುದು ನಮ್ಮ ಮನೆಯ ನಂಬಿಕೆ. ಕಾಕಾ ಎತ್ತಿನ ಮೊಣಕಾಲು ಸುಡಲು ಕುಡಗೋಲು ಕಾಯಿಸತೊಡಗಿದ. ಕರುವಾಗಿದ್ದಾಗಿನಿಂದ ನಾನೇ ಸಾಕಿದ ಎತ್ತು. ನಾಚಿಕೆ ಬಿಟ್ಟು ಡಾಕ್ಟರರಲ್ಲಿಗೆ ಓಡಿದೆ.

ದುರ್ಬೀನಿನ ಪೆಟ್ಟಿಗೆಯನ್ನು ಬಗಲಲ್ಲಿ ಅವುಚಿಕೊಂಡೇ ಬಂದರು. ಸೂಜಿಯಿಂದ ಮೊಣಕಾಲಿನ ಒಂದಿಷ್ಟು ರಸ ತೆಗೆದು ಬೆರಳ ನಡುವೆ ಎಳೆದರೆ, ಬೆಲ್ಲದ ಪಾಕದಂತೆ ತಿಳಿಹಳದಿ ಎಳೆ.

"ಕುಡಗೋಲ ಆರಾಕತ್ತೈತ್ರಿ ಸಾಹೇಬ್ರ," ಎಂದ ಕಾಕಾ.

"ಆರ್ಲಿ, ತಡೀರಿ." ಗಾಜಿನ ಮೇಲೆ ಹನಿ ಹಚ್ಚಿ, ಬಿಸಿಲಿಗೆ ದುರ್ಬೀನಿನ ಕನ್ನಡಿ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನೂ ಕರೆದರು.

"ಏನೂ ಇಲ್ಲಲ್ರಿ! ಅಲ್ಲೊಂದು ಇಲ್ಲೊಂದು ಚುಕ್ಕಿ."

"ಅದ ಖರೆ ಚಲೋ ಕೀಲು. ಎತ್ತಿರ್ಲಿ, ಕುರಿ ಇರ್ಲಿ, ಮನಷ್ಯಾ ಇರ್ಲಿ, ಆರಾಮ ಇದ್ರ ಒಳಗ ಹಿಂಗ ಖಾಲಿ ಖಾಲಿ. ಚುಕ್ಕಿ ಗುಂಪು ಕಟ್ಟಿದ್ರ ಜಡ್ಡು. ಕೀಲಿಂದೇನೂ ತಪ್ಪಿಲ್ಲ. ಗೊರಸು ಎತ್ತು."

ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು ಮುರಿದಿತ್ತು. ಕಾಕಾ ಕುಡಗೋಲನ್ನು ನೀರಿಗೆ ಅದ್ದಿದ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ? "ನಿಮ್ಮ ಮೊಣಕಾಲಿಂದೂ ಒಂದ ಹನಿ ನೋಡ್ಕೋರಿ ಸಾಹೇಬ್ರ!" ಎಂದೆ.

ಗಾಜು ಒರೆಸುತ್ತ ನಕ್ಕರು. "ನೋಡಬಹುದಿತ್ತು. ಸೂಜಿ ಹಾಕಾಕ ಇನ್ನೊಬ್ರು ಬೇಕಲ್ಲೋ."

ಆ ದಿನದಿಂದ ಸಂಜೆ ಅವರ ಮನೆಗೆ ಹೋಗತೊಡಗಿದೆ. ಒಂದೇ ಬಟ್ಟಲು, ಒಂದೇ ಕುರ್ಚಿ. ನಾನು ನೆಲದ ಮೇಲೆ ಕೂತು ಊರವರನ್ನು ಅಣಕಿಸಿದರೆ, ಎಡಗಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಡಾಕ್ಟರರು ಗೋಕಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರವರೆಂದು ಯಾರೂ ಬರಲಿಲ್ಲ. ನಮ್ಮ ಬಂಡಿಯಲ್ಲೇ ಊರಿಗೆ ತಂದೆವು. ಹಿಂದೆ ಕುಂಟುತ್ತ ನಡೆದು ಬರುತ್ತಿದ್ದ ನನ್ನನ್ನು ಕಾಕಾ ಗದರಿಸಿದ: "ಇವತ್ತರ ನಕಲಿ ಬಿಡೋ!"

ನಾನು ನಕಲಿ ಮಾಡುತ್ತಿರಲಿಲ್ಲ. ಅಷ್ಟು ದೂರ ನಡೆದು ಕಾಲು ಸೋತಿತ್ತು. ಬಗ್ಗಿ ನೋಡಿಕೊಂಡೆ, ಎಡಗಾಲೇ. ಮುಂದೆ ಬಿಳಿ ಎತ್ತಿನ ಬರೆಯಿಲ್ಲದ ಮೊಣಕಾಲು ಸದ್ದಿಲ್ಲದೆ ಮಡಚುತ್ತ, ಬಿಚ್ಚುತ್ತ ಹೋಗುತ್ತಿತ್ತು.